ಮುರುಮ ಸೀಮೆಯ ರೇಡಿಯೊ ಮತ್ತು ನಮ್ಮ ಭಜನಿ ಪದಗಳು

ಮುರುಮ, ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಕನ್ನಡ ಬಹಳ ಮಟ್ಟಿಗೆ ಬಾಯಿಂದ ಬಾಯಿಗೆ ಉಳಿದು ಬಂದ ಭಾಷೆ. ಅವ್ವ ಬೀಸುವಾಗ ಹಾಡಿದ ಪದ, ಕಣದಾಗ ಹಂತಿ ಹೂಡಿದಾಗ ಗಂಡಸರು ಹಾಡಿದ ಪದ, ಮದುವಿ ಮನಿಯ ಸೋಬಾನ, ಅಮಾಸಿ ರಾತ್ರಿ ಗುಡಿಯಲ್ಲಿ ತಾಳ ಹಿಡಿದು ಹೇಳಿದ ಭಜನಿ, ಇವೇ ನಮ್ಮ ಕನ್ನಡದ ಪಠ್ಯಪುಸ್ತಕಗಳು. ಈ ಬಾಯಿಮಾತಿನ ಕನ್ನಡಕ್ಕೆ ಊರಿನ ಆಚೆಗೂ ಒಂದು ದೊಡ್ಡ ಮನಿ ಇದೆ, ನಮ್ಮ ಮುದುಕರು ಹಾಡುವ ವಚನ ತತ್ವಪದಗಳನ್ನು ದೂರದ ಧಾರವಾಡದಲ್ಲಿ ಹೆಸರಾಂತ ಗವಾಯಿಗಳೂ ಹಾಡುತ್ತಾರೆ ಎಂಬುದನ್ನು ನಮ್ಮ ಕಡೆಯ ಬಹಳ ಜನ ಮೊದಲು ತಿಳಿದದ್ದು ರೇಡಿಯೊದಿಂದ. ಅದು ಸಣ್ಣ ಸಂಗತಿ ಅಲ್ಲ. ಆದರೆ ಅದರ ಜೊತೆಗೇ ಇನ್ನೊಂದು ಮಾತೂ ಹೇಳಬೇಕು. ರೇಡಿಯೊ ನಮ್ಮ ಊರಿಗೆ ಬಂತು. ನಮ್ಮ ಊರಿನ ಹಾಡು ರೇಡಿಯೊಕ್ಕೆ ಹೋಗಲಿಲ್ಲ. ಹೋದದ್ದು ಇದ್ದರೂ ಬೆರಳಿನಿಂದ ಎಣಿಸುವಷ್ಟು. ಯಾಕೆ ಹೀಗಾಯಿತು, ಅದರಿಂದ ಏನು ಕಳೆದುಕೊಂಡೆವು, ಈಗ ಏನು ಮಾಡಬಹುದು ಎಂಬುದೇ ಈ ಲೇಖನದ ವಿಷಯ.

ಮೊದಲು ನಮ್ಮ ಸೀಮೆ ಯಾವ ಯಾವ ಕೈಗೆ ಹೋಯಿತು ಎಂಬುದನ್ನು ನೋಡೋಣ. 1948ರ ಸೆಪ್ಟೆಂಬರ್ 17ರ ತನಕ ನಾವೆಲ್ಲ ನಿಜಾಮನ ಹೈದರಾಬಾದ್ ಸಂಸ್ಥಾನದವರು. ಉಮರ್ಗಾ ತಾಲೂಕು ಉಸ್ಮಾನಾಬಾದ್ ಜಿಲ್ಲೆಯಲ್ಲಿತ್ತು. ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ಕಚೇರಿ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆದಾಗ ಬೀದರ ಜಿಲ್ಲೆಯಿಂದ ಆ ಮೂರು ತಾಲೂಕುಗಳನ್ನು ಬಿಡಿಸಿ, ಉಸ್ಮಾನಾಬಾದ್ ಜಿಲ್ಲೆಯ ಜೊತೆಗೆ ಮುಂಬಯಿ ರಾಜ್ಯಕ್ಕೆ ಹಚ್ಚಿದರು. ಉಳಿದ ಬೀದರ, ಮಗ್ಗುಲಿನ ಕಲಬುರ್ಗಿ ಮೈಸೂರು ರಾಜ್ಯಕ್ಕೆ ಹೋದವು. 1960ರ ಮೇ 1ರಂದು ಮಹಾರಾಷ್ಟ್ರ ಆಯಿತು. 1982ರಲ್ಲಿ ಲಾತೂರ ಬೇರೆ ಜಿಲ್ಲೆಯಾಗಿ ನಿಲಂಗಾ, ಉದಗೀರ ಅದರೊಳಗೆ ಸೇರಿದವು. ಉಸ್ಮಾನಾಬಾದ್ ಈಗ ಧಾರಾಶಿವ. ಹೀಗಾಗಿ ಒಂದೇ ಮನೆತನದಲ್ಲಿ ಅಜ್ಜ ಉರ್ದು ಓದಿದ, ಮಗ ಮರಾಠಿ ಓದಿದ, ಮೊಮ್ಮಗ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದಾನೆ. ಮೂವರೂ ಗುಡಿಯಲ್ಲಿ ಕೂತು ಹಾಡಿದ್ದು ಮಾತ್ರ ಕನ್ನಡ ಪದ.

ರೇಡಿಯೊ ಬರುವ ಮೊದಲು ಇಲ್ಲಿ ಹಾಡು ಕಡಿಮೆ ಇರಲಿಲ್ಲ. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನ ತತ್ವಪದಗಳು, ಅವನ ಶಿಷ್ಯರಾದ ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲುಗಬಾಳ ರೇವಪ್ಪ ಅವರ ಪದಗಳು ಕಲಬುರ್ಗಿ ಸೀಮೆಯಿಂದ ಆಳಂದ ದಾಟಿ ಈ ಕಡೆಗೂ ಬಂದವು. ಒಬ್ಬ ಗುರು, ಅವನ ಕೈಯಾಗ ಶಿಷ್ಯರು: ಒಬ್ಬ ಸಾಬರವ, ಒಬ್ಬ ಬ್ರಾಹ್ಮಣ, ಒಬ್ಬ ಲಿಂಗಾಯತ. ಹಾಡುವವರಲ್ಲಿಯೂ ಹಾಗೆಯೇ ಎಲ್ಲರೂ ಇದ್ದರು. ಮೊಹರಮ್ಮಿಗೆ ಕರ್ಬಲಾ ಪದ, ಶಿವರಾತ್ರಿಗೆ ವಚನ. ಮರಾಠಿಯೂ ಪರಕೀಯ ಅಲ್ಲ. ಬೀಡ ಜಿಲ್ಲೆಯ ಕಪಿಲಧಾರದ ಮನ್ಮಥಸ್ವಾಮಿ ಲಿಂಗಾಯತ ಸಂತ. ಅವನು ಬರೆದದ್ದು ಮರಾಠಿ. ಅವನ ಅಭಂಗ ಹೇಳಿದ ಬಾಯೇ ಮರುಗಳಿಗೆ ಮಡಿವಾಳಪ್ಪನ ಪದ ಹೇಳುತ್ತಿತ್ತು. ತುಳಜಾಪುರದ ಅಂಬಾಬಾಯಿಯ ಗೊಂದಲಿಗರು ಸಂಬಾಳ ಬಾರಿಸಿಕೊಂಡು ಬಂದರೆ ಎರಡೂ ಭಾಷೆಯ ಮನಿಗಳಲ್ಲಿ ಗೊಂದಲ ಹಾಕುತ್ತಿದ್ದರು. ವಾದ್ಯಗಳೆಂದರೆ ತಾಳ, ಏಕತಾರಿ, ದಮ್ಮಡಿ. ಅನುಕೂಲ ಇದ್ದ ಊರಲ್ಲಿ ತಬಲಾ ಮತ್ತು ಪೇಟಿ. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಅಂತಲೇ ಹೆಸರು. ಈ ಪೇಟಿಯ ಮಾತು ಮುಂದೆ ಮತ್ತೆ ಬರುತ್ತದೆ.

ಕನ್ನಡನಾಡಿಗೆ ರೇಡಿಯೊ ಬಂದ ವರ್ಷ 1935. ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಸಣ್ಣ ಯಂತ್ರ ಇಟ್ಟುಕೊಂಡು ಪ್ರಸಾರ ಶುರು ಮಾಡಿದರು. ಅದಕ್ಕೆ ಅವರ ಕಾಲದಲ್ಲೇ ಬಂದ ಹೆಸರು 'ಆಕಾಶವಾಣಿ'; ಇಡೀ ದೇಶದ ರೇಡಿಯೊಕ್ಕೆ ಆ ಹೆಸರು ಬಂದದ್ದು ಆಮೇಲೆ. ಅದೇ 1935ರಲ್ಲಿ ಹೈದರಾಬಾದಿನಲ್ಲಿ ನಿಜಾಮ ಸರಕಾರದ ರೇಡಿಯೊ ಶುರುವಾಯಿತು. ಅದೇ ಮುಂದೆ ದಕ್ಕನ್ ರೇಡಿಯೊ ಅಂತ ಹೆಸರಾಯಿತು. ನಾವು ಆ ಸಂಸ್ಥಾನದ ಪ್ರಜೆಗಳು, ಆದ್ದರಿಂದ ಅದು ನಮ್ಮ ರೇಡಿಯೊ. ಉರ್ದುವಿಗೆ ಮೊದಲ ಮಣೆ. ತೆಲುಗು, ಮರಾಠಿ, ಕನ್ನಡಕ್ಕೆ ಉಳಿದ ಹೊತ್ತು. ಆದರೆ ಕೇಳುವವರು ಯಾರು? ಊರಲ್ಲಿ ಕರೆಂಟ್ ಇಲ್ಲ. ದೊಡ್ಡ ಪೆಟ್ಟಿಗೆಯಂಥ ಸೆಟ್ಟು, ಅದಕ್ಕೆ ಬ್ಯಾಟರಿ, ಮಾಳಿಗೆಯಿಂದ ಬೇವಿನ ಮರದ ತನಕ ಎಳೆದ ಏರಿಯಲ್ ತಂತಿ, ನೆಲದಲ್ಲಿ ಹೂತ ಅರ್ಥಿಂಗ್ ತಂತಿ, ಇಷ್ಟೆಲ್ಲ ದೇಶಮುಖರ ವಾಡೆ, ದೊಡ್ಡ ಸಾಹುಕಾರರ ಮನಿಗೆ ಸಾಧ್ಯವಾದ ಮಾತು. 1950ರ ಏಪ್ರಿಲ್ 1ರಂದು ಹೈದರಾಬಾದ್ ಸ್ಟೇಷನ್ ಭಾರತದ ಆಕಾಶವಾಣಿಗೆ ಸೇರಿತು.

ಅದೇ ವರ್ಷ ಜನವರಿ 8ರಂದು ಧಾರವಾಡ ಸ್ಟೇಷನ್ ಹುಟ್ಟಿತ್ತು. ಆಗ ಕೇಂದ್ರದ ವಾರ್ತಾ ಮಂತ್ರಿ ನಮ್ಮ ಕಡೆಯವರೇ ಆದ ರಂಗರಾವ್ ದಿವಾಕರ. ಧಾರವಾಡ ಎಲ್ಲಿ, ಮುರುಮ ಎಲ್ಲಿ! ಹಗಲು ಹೊತ್ತು ಎಷ್ಟು ಕಿವಿ ತಿರುವಿದರೂ ಖರಖರ ಸದ್ದು ಬಿಟ್ಟರೆ ಏನೂ ಇಲ್ಲ. ರಾತ್ರಿ ಆದರೆ ಮಾತ್ರ ದನಿ ಬರುತ್ತಿತ್ತು. ಹಿರಿಯರು ಇದಕ್ಕೆ 'ಹಗಲಿನ್ಯಾಗ ಗದ್ದಲ ಭಾಳ, ರಾತ್ರಿ ಗಾಳಿ ಸುಮ್ಮನಿರತದ' ಅಂತ ಕಾರಣ ಹೇಳೋರು. ನಿಜವಾದ ಕಾರಣ ಸೂರ್ಯ. ಮೀಡಿಯಂ ವೇವ್ ಅಲೆ ಹಗಲಿನಲ್ಲಿ ನೆಲ ಹಿಡಿದು ಹೋಗುತ್ತದೆ, ದೂರ ಹೋದಷ್ಟೂ ಸೊರಗುತ್ತದೆ. ಮೇಲಕ್ಕೆ ಹೋದ ಅಲೆಯನ್ನು ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಬಿಸಿಲಿನಿಂದ ಹುಟ್ಟುವ ಒಂದು ಪದರ ಹೀರಿಬಿಡುತ್ತದೆ. ಹೊತ್ತು ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಅಲೆ ಅದಕ್ಕೂ ಮೇಲಿನ ಪದರಕ್ಕೆ ಬಡಿದು, ಗ್ವಾಡಿಗೆ ಒಗೆದ ಚೆಂಡಿನಂತೆ ತಿರುಗಿ, ನೂರಾರು ಕಿಲೋಮೀಟರ್ ದೂರದ ನೆಲಕ್ಕೆ ಬೀಳುತ್ತದೆ. ದನಿ ಒಮ್ಮೆ ಏರಿ ಒಮ್ಮೆ ಇಳಿಯುತ್ತಿದ್ದದ್ದಕ್ಕೂ ಇದೇ ಕಾರಣ. ನಮ್ಮ ಸೀಮೆಗೆ ಕನ್ನಡ ಸಂಗೀತ ರಾತ್ರಿಯ ಅತಿಥಿಯಾಗಿ ಬಂದದ್ದು ಹೀಗೆ.

ಆ ರಾತ್ರಿಗಳಲ್ಲಿ ಕೇಳಿಸಿದ್ದೇನು? ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ಲ, ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿ. ಮನ್ಸೂರರು ಧಾರವಾಡ ಆಕಾಶವಾಣಿಗೆ ಸಂಗೀತ ಸಲಹೆಗಾರರೂ ಆಗಿದ್ದರು. ದ.ರಾ. ಬೇಂದ್ರೆಯವರು 1944ರಿಂದ 1956ರ ತನಕ ನಮಗೆ ಹತ್ತಿರದ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿ, ಆಮೇಲೆ ಅದೇ ಧಾರವಾಡ ಸ್ಟೇಷನ್ನಿಗೆ ಸಲಹೆಗಾರರಾಗಿ ಹೋದರು. ಮನ್ಸೂರ, ರಾಜಗುರು, ಜಂಬಲದಿನ್ನಿ ಮೂವರೂ ಖ್ಯಾಲ್ ಹಾಡಿದ ಗಂಟಲಿನಿಂದಲೇ ವಚನಗಳನ್ನೂ ಹಾಡಿದರು. ಇದು ನಮ್ಮ ಜನಕ್ಕೆ ದೊಡ್ಡ ಸುದ್ದಿ. ಖ್ಯಾಲ್ ತಿಳಿಯದಿದ್ದರೂ ವಚನ ತಿಳಿಯುತ್ತಿತ್ತು. 'ಇದು ನಮ್ಮ ಆಯಿ ಹೇಳೂದೇ ಅಲ್ಲೇನು!' ಅಂತ ಕಿವಿ ನಿಮಿರುತ್ತಿತ್ತು. ಮನಿಯ ಮುದುಕಿ ಅಕ್ಷರ ಬರದವಳು, ರೇಡಿಯೊದ ಗವಾಯಿ ಲೋಕಕ್ಕೇ ಗೊತ್ತಿದ್ದವರು, ಇಬ್ಬರ ಬಾಯಾಗೂ ಒಂದೇ ಮಾತು. ತಮ್ಮದು ಬರೀ ಹಳ್ಳಿಯ ಮುರುಕು ಭಾಷೆ ಅಂತ ತಿಳಿದುಕೊಂಡಿದ್ದವರಿಗೆ ಇದರಿಂದ ಬಂದ ಧೈರ್ಯ ಯಾವ ಪುಸ್ತಕದಿಂದಲೂ ಬರುತ್ತಿರಲಿಲ್ಲ.

ಇಲ್ಲಿ ಒಂದು ಸುತ್ತು ಗಮನಿಸಬೇಕು. ವಚನಗಳು ಹುಟ್ಟಿದ ಹನ್ನೆರಡನೆಯ ಶತಮಾನದ ಕಲ್ಯಾಣ ನಮ್ಮ ಉಮರ್ಗಾದ ನೆರೆಯ ಊರು. ಸಂತೆಗೆ, ಬೀಗರ ಮನಿಗೆ ಹೋಗಿಬರುವಷ್ಟು ಹತ್ತಿರ. ಅಲ್ಲಿಂದ ಚದುರಿದ ವಚನದ ಕಟ್ಟುಗಳನ್ನು ವಿಜಾಪುರದಲ್ಲಿ ಕೂತು ಫ.ಗು. ಹಳಕಟ್ಟಿಯವರು ಹುಡುಕಿ ತೆಗೆದು, 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚು ಮಾಡಿದರು. ಧಾರವಾಡದವರು ಅವಕ್ಕೆ ರಾಗ ಕೂಡಿಸಿ ಹಾಡಿದರು. ಹಾಗೆ ಎಂಟು ನೂರು ವರ್ಷ ಸುತ್ತಿ, ಆಕಾಶದ ಪದರಕ್ಕೆ ಬಡಿದು, ಮತ್ತೆ ಕಲ್ಯಾಣದ ಮಗ್ಗುಲಿಗೇ ಬಂದು ಬಿದ್ದವು. ಕನ್ನಡ ಅಕ್ಷರ ಓದಲು ಬರುವವರು ಕಡಿಮೆ ಇದ್ದ ಸೀಮೆಯಲ್ಲಿ ಹಳಕಟ್ಟಿಯವರ ಪುಸ್ತಕ ಮಾಡಲಾರದ ಕೆಲಸವನ್ನು ರೇಡಿಯೊ ಮಾಡಿತು.

ಇನ್ನೊಂದು ದಿಕ್ಕಿನಿಂದ ಪುಣೆ ಬಂತು. ಪುಣೆ ಸ್ಟೇಷನ್ 1953ರಲ್ಲಿ ಶುರುವಾಯಿತು. ಅಲ್ಲಿ ಅಭಂಗ ಹಾಡಿದ ದೊಡ್ಡ ದನಿ ಭೀಮಸೇನ ಜೋಶಿಯವರದು. 1922ರಲ್ಲಿ ಗದಗ ಸೀಮೆಯಲ್ಲಿ ಹುಟ್ಟಿದವರು; ಹುಡುಗನಿದ್ದಾಗ ಅಬ್ದುಲ್ ಕರೀಂಖಾನರ ಗ್ರಾಮೋಫೋನ್ ಪ್ಲೇಟು ಕೇಳಿ, ಅಂಥ ಹಾಡು ಕಲಿಯಬೇಕೆಂದು ಮನಿ ಬಿಟ್ಟು ಓಡಿಹೋದ ಕಥೆ ಎಲ್ಲರಿಗೂ ಗೊತ್ತು. ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು ಪುಣೆಯಲ್ಲಿ ನೆಲೆಸಿದರು. ತುಕಾರಾಮನ ಅಭಂಗವನ್ನೂ ಪುರಂದರದಾಸರ ಪದವನ್ನೂ ಒಂದೇ ಭಾವದಿಂದ ಹಾಡಿದರು. 'ಇವರು ಮರಾಠಿಯವರೋ ಕನ್ನಡದವರೋ' ಎಂಬ ವಾದ ಎಷ್ಟೋ ಕಟ್ಟೆಗಳ ಮೇಲೆ ನಡೆದಿರಬೇಕು. ನಮ್ಮ ಸೀಮೆಯವರಿಗೆ ಆ ಪ್ರಶ್ನೆಯೇ ವಿಚಿತ್ರ. ನಾವೂ ಹಾಗೇ ಇದ್ದೇವಲ್ಲ! ನಮ್ಮಂಥ ಎರಡು ಭಾಷೆಯ ಬಾಯಿ ದೇಶಕ್ಕೇ ದೊಡ್ಡದಾಗಬಲ್ಲದು ಎಂಬುದನ್ನು ಕೂಡ ರೇಡಿಯೊ ತೋರಿಸಿತು.

1966ರಲ್ಲಿ ಕಲಬುರ್ಗಿ ಸ್ಟೇಷನ್ ಬಂತು. ಗಡಿ ತಂಟೆಗೆ ಮಹಾಜನ ಆಯೋಗ ನೇಮಕವಾದದ್ದೂ ಅದೇ ವರ್ಷ. ಆಯೋಗದ ವರದಿ ಮುಂದಿನ ವರ್ಷ ಬಂತು, ಜಗಳ ಇನ್ನೂ ಮುಗಿದಿಲ್ಲ. ರೇಡಿಯೊ ಮಾತ್ರ ಯಾವ ಆಯೋಗಕ್ಕೂ ಕಾಯದೆ ಗಡಿ ದಾಟಿತು. ಆಳಂದ ದಾಟಿದರೆ ಮುರುಮ. ಹೀಗಾಗಿ ಕಲಬುರ್ಗಿ ಹಗಲಿನಲ್ಲೂ ಹತ್ತುತ್ತಿತ್ತು. ಅಷ್ಟೊತ್ತಿಗೆ ಟ್ರಾನ್ಸಿಸ್ಟರ್ ಬಂದು, ಏರಿಯಲ್ ತಂತಿ, ದೊಡ್ಡ ಬ್ಯಾಟರಿ ಎಲ್ಲ ಹೋಗಿ, ಸೆಲ್ ಹಾಕಿ ಹೆಗಲಿಗೆ ತೂಗುಹಾಕುವ ಸೆಟ್ಟಾಗಿತ್ತು. ಹೊಲದಲ್ಲಿ ಎತ್ತಿನ ಮುಂದೆ ಟ್ರಾನ್ಸಿಸ್ಟರ್, ಮದುವಿಯಲ್ಲಿ ಅಳಿಯನಿಗೆ ಕೈಗಡಿಯಾರ, ಸೈಕಲ್ ಜೊತೆಗೆ ರೇಡಿಯೊ. ಅಂಚೆ ಕಚೇರಿಗೆ ಹೋಗಿ ವರ್ಷಕ್ಕೊಮ್ಮೆ ಲೈಸೆನ್ಸ್ ಫೀ ಕಟ್ಟಬೇಕಿತ್ತು. ಆ ಸಣ್ಣ ಪುಸ್ತಕ ಇನ್ನೂ ಕೆಲವರ ಟ್ರಂಕಿನಲ್ಲಿ ಸಿಗುತ್ತದೆ. ಧಾರವಾಡದ ಕನ್ನಡ ಸ್ವಲ್ಪ ಪಂಡಿತರ ಕನ್ನಡ ಅನ್ನಿಸಿದ್ದರೆ, ಕಲಬುರ್ಗಿಯ ರೈತರ ಕಾರ್ಯಕ್ರಮದ ಮಾತು ನಮ್ಮ ಮಾತೇ. ತೊಗರಿ, ಜೋಳ, ಶೇಂಗಾದ ಮಾತಿನ ನಡುವೆ ತತ್ವಪದ, ಜಾನಪದ ಗೀತೆ. 'ಹೋಗೇದ, ಬಂದೇದ' ಅನ್ನೋ ನಮ್ಮ ಮಾತು ರೇಡಿಯೊದಾಗೂ ಬರತದ ಅಂತ ಗೊತ್ತಾದದ್ದು ಆಗ.

ಊರಿಗೆಲ್ಲ ಒಂದೇ ಸೆಟ್ಟು ಇಟ್ಟು ಕೂತು ಕೇಳುವ ಪದ್ಧತಿಯೂ ಇತ್ತು. 1956ರಲ್ಲಿ ಯುನೆಸ್ಕೋ ನೆರವಿನಿಂದ ಪುಣೆ ಸ್ಟೇಷನ್ ಮೂಲಕ ಮುಂಬಯಿ ರಾಜ್ಯದ 5 ಜಿಲ್ಲೆಗಳ 150 ಹಳ್ಳಿಗಳಲ್ಲಿ ರೇಡಿಯೊ ಕೇಳಿ ಚರ್ಚೆ ಮಾಡುವ ಕೂಟಗಳ ಪ್ರಯೋಗ ನಡೆಯಿತು. ನಾವು ಆಗಿನ್ನೂ ಹೈದರಾಬಾದ್ ರಾಜ್ಯದವರು, ಆದ್ದರಿಂದ ಆ ಪಟ್ಟಿಯಲ್ಲಿ ಇರಲಿಲ್ಲ. ಪ್ರಯೋಗ ಯಶಸ್ವಿ ಆಗಿ ಮುಂದೆ ದೇಶಕ್ಕೆಲ್ಲ ಹಬ್ಬಿತು. ಗ್ರಾಮಪಂಚಾಯಿತಿ ಕಟ್ಟೆಯ ಭೋಂಗಾದಿಂದ ಸಂಜೆ ಸುದ್ದಿ ಕೇಳಿದ ನೆನಪು ಅರವತ್ತು ದಾಟಿದವರಿಗೆ ಇದ್ದೇ ಇದೆ. ಆದರೆ ಪಂಚಾಯಿತಿ ಸೆಟ್ಟು ಮಹಾರಾಷ್ಟ್ರ ಸರಕಾರದ್ದು, ಅದರ ದನಿ ಮರಾಠಿ. ಕನ್ನಡ ಕೇಳಬೇಕಾದರೆ ಮನಿಯ ಸೆಟ್ಟೇ ಬೇಕು.

ಹರೆಯದ ಹುಡುಗರು ಕೇಳಿದ್ದು ಬೇರೆಯೇ. ಬಿ.ವಿ. ಕೇಸ್ಕರ್ 1952ರಲ್ಲಿ ವಾರ್ತಾ ಮಂತ್ರಿ ಆದ ಮೇಲೆ ಸಿನೆಮಾ ಹಾಡು ಆಕಾಶವಾಣಿಯಲ್ಲಿ ಹೆಚ್ಚುಕಡಿಮೆ ನಿಂತುಹೋದವು. ಜನ ಶಾರ್ಟ್ ವೇವ್ ತಿರುವಿ ರೇಡಿಯೊ ಸಿಲೋನಿಗೆ ಹೋದರು. 1952ರ ಡಿಸೆಂಬರಿನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಶುರುವಾಯಿತು. ಬುಧವಾರ ರಾತ್ರಿ ಭಜನಿಗೆ ಹುಡುಗರು ಸಿಗೋದು ಕಷ್ಟ ಆಯಿತು. 1957ರ ಅಕ್ಟೋಬರಿನಲ್ಲಿ ಸರಕಾರವೇ ಸೋತು ವಿವಿಧ ಭಾರತಿ ತೆರೆಯಿತು. ಜನ ಏನು ಕೇಳಬೇಕು ಎಂಬುದನ್ನು ದಿಲ್ಲಿಯಲ್ಲಿ ಕೂತು ಗೊತ್ತು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಇದು ಒಂದು ಪಾಠ.

ಆ ಪಾಠದ ಇನ್ನೊಂದು ಭಾಗ ನಮ್ಮ ಪೇಟಿಯದು. 1940ರ ಮಾರ್ಚ್ 1ರಿಂದ ಆಕಾಶವಾಣಿಯಲ್ಲಿ ಹಾರ್ಮೋನಿಯಮ್ ಬಂದ್ ಆಯಿತು. ಅದರ ಸ್ವರಗಳು ಗಟ್ಟಿ ಕಟ್ಟಿದವು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು, ಮೀಂಡ್ ತೆಗೆಯಲು ಬರುವುದಿಲ್ಲ, ಅದು ಹೊರದೇಶದ ವಾದ್ಯ ಅಂತ ಕಾರಣ ಕೊಟ್ಟರು. ಬಂದಿ ಸಡಿಲಾದದ್ದು 1971ರಲ್ಲಿ. ಅಂದರೆ ಮೂವತ್ತು ವರ್ಷದ ಮೇಲೆ! ನಮ್ಮ ಭಜನಿ ಮೇಳದ ಬೆನ್ನೆಲುಬೇ ಪೇಟಿ. ಅದನ್ನು ಹೊರಗಿಟ್ಟು ಬಾ ಅಂದರೆ ಮೇಳ ಒಳಗೆ ಹೋಗುವುದು ಹ್ಯಾಂಗ? ರೇಡಿಯೊ ಪೆಟ್ಟಿಗೆಯೊಳಗೆ ನಮ್ಮ ಪೇಟಿಗೆ ಜಾಗ ಇರಲಿಲ್ಲ. ಅದರ ಮೇಲೆ ಕೇಸ್ಕರರ ಕಾಲದಲ್ಲಿ ಆಡಿಷನ್ ಪದ್ಧತಿ ಬಂತು. ಸ್ಟೇಷನ್ನಿಗೆ ಹೋಗಿ, ಅರ್ಜಿ ಹಾಕಿ, ಮೈಕಿನ ಮುಂದೆ ಪರೀಕ್ಷೆ ಕೊಟ್ಟು, ದರ್ಜೆ ಪಡೆಯಬೇಕು. ಶಾಸ್ತ್ರೀಯ ಸಂಗೀತದವರಿಗೆ ಇದು ಒಳ್ಳೆಯದೇ ಆಯಿತು. ಹೊಲದಿಂದ ಬಂದು ಕೈಕಾಲು ತೊಳೆದು ರಾತ್ರಿ ಎರಡರ ತನಕ ಹಾಡುವವನಿಗೆ, ಐದು ನಿಮಿಷದಲ್ಲಿ ಹಾಡಿ ತೋರಿಸು ಅಂದರೆ ಬಾಯಿ ಬರುವುದಿಲ್ಲ.

ಗಡಿಯವರಿಗೆ ಇನ್ನೊಂದು ತೊಡಕು. ಸ್ಟೇಷನ್ನುಗಳಿಗೆ ಅವುಗಳ ಸೀಮೆ ಗೊತ್ತು ಮಾಡಿರುತ್ತಾರೆ. ಕಲಾವಿದರು ತಮ್ಮ ಸೀಮೆಯ ಸ್ಟೇಷನ್ನಿಗೆ ಹೋಗಬೇಕು. ನಮ್ಮ ಸೀಮೆಯ ಸ್ಟೇಷನ್ ಮರಾಠಿಯದು. ನಮ್ಮ ಪದ ಕನ್ನಡದ್ದು. ಕನ್ನಡದ ಸ್ಟೇಷನ್ ಹತ್ತಿರವೇ ಇದೆ, ಆದರೆ ಬೇರೆ ರಾಜ್ಯದಲ್ಲಿದೆ. ದನಿ ಈ ಕಡೆ ಬರಲು ಯಾರ ಅಪ್ಪಣೆಯೂ ಬೇಡ, ಹಾಡುಗಾರ ಆ ಕಡೆ ಹೋಗಲು ಹತ್ತು ಕಾಗದ ಬೇಕು. ಇದರಲ್ಲಿ ಯಾರೊಬ್ಬರದೂ ಕೆಟ್ಟ ಉದ್ದೇಶ ಇತ್ತು ಅಂತ ಅಲ್ಲ. ಕಲಬುರ್ಗಿ, ಧಾರವಾಡ ಸ್ಟೇಷನ್ನುಗಳು ತಮ್ಮ ಜಿಲ್ಲೆಗಳ ತತ್ವಪದದವರನ್ನು, ಪಾರಿಜಾತದವರನ್ನು, ಗೀಗೀ ಮೇಳದವರನ್ನು ಕರೆದು ಹಾಡಿಸಿವೆ, ಅದರಿಂದ ಬಹಳ ಉಳಿದಿದೆ. ನಾವು ಮಾತ್ರ ಎರಡು ಲೆಕ್ಕದ ನಡುವಿನ ಸಂದಿಯಲ್ಲಿ ಬಿದ್ದೆವು.

ಇಂಥದೇ ಕಥೆ ಲೋಕದ ಇನ್ನೊಂದು ಮೂಲೆಯಲ್ಲೂ ನಡೆದಿದೆ. ಹೋಲಿಸಿ ನೋಡಿದರೆ ನಮ್ಮದು ಹೆಚ್ಚು ಸ್ಪಷ್ಟವಾಗುತ್ತದೆ. ಅಮೆರಿಕದ ಪೂರ್ವಭಾಗದಲ್ಲಿ ಅಪಲೇಚಿಯನ್ ಅಂತ ಬೆಟ್ಟಸಾಲು ಇದೆ. ಅಲ್ಲಿಯ ಬಡ ರೈತರು, ಕಲ್ಲಿದ್ದಲ ಗಣಿಯವರು ಪಿಟೀಲು ಮತ್ತು ಬ್ಯಾಂಜೊ ಹಿಡಿದು ಹಾಡುವ ಹಳೆಯ ಪದಗಳಿದ್ದವು. ಪಿಟೀಲು ಬ್ರಿಟನ್, ಐರ್ಲೆಂಡಿನಿಂದ ಬಂದವರದು. ಬ್ಯಾಂಜೊದ ಮೂಲ, ಗುಲಾಮರಾಗಿ ಬಂದ ಆಫ್ರಿಕದವರದು. ಪೇಟೆಯವರು ಈ ಹಾಡನ್ನು ಕೀಳಾಗಿ ಕಾಣುತ್ತಿದ್ದರು. 1925ರ ನವೆಂಬರ್ 28ರಂದು ನ್ಯಾಶ್‌ವಿಲ್ ಊರಿನ ಡಬ್ಲ್ಯೂ.ಎಸ್.ಎಂ. ಸ್ಟೇಷನ್, 77 ವರ್ಷದ ಮುದುಕ ಜಿಮ್ಮಿ ಥಾಂಪ್ಸನ್ ಎಂಬುವನನ್ನು ಮೈಕಿನ ಮುಂದೆ ಕೂರಿಸಿ ಪಿಟೀಲು ಬಾರಿಸಲು ಹೇಳಿತು. ಅದೇ ಪ್ರತಿ ಶನಿವಾರ ರಾತ್ರಿಯ 'ಗ್ರ್ಯಾಂಡ್ ಓಲ್ ಓಪ್ರಿ' ಕಾರ್ಯಕ್ರಮವಾಯಿತು. ಆ ಸ್ಟೇಷನ್ ಒಂದು ವಿಮಾ ಕಂಪನಿಯದು; ಹಳ್ಳಿಯ ಜನಕ್ಕೆ ವಿಮೆ ಮಾರಬೇಕು, ಅದಕ್ಕೆ ಹಳ್ಳಿಯ ಹಾಡು ಬೇಕಿತ್ತು. ಉದ್ದೇಶ ವ್ಯಾಪಾರವೇ ಇರಲಿ, ಬಾಗಿಲು ತೆರೆಯಿತು. ನಮ್ಮಲ್ಲಿ ರೇಡಿಯೊ ಹಳ್ಳಿಗೆ ಬಂತು, ಅಲ್ಲಿ ಹಳ್ಳಿ ರೇಡಿಯೊದೊಳಗೆ ಹೋಯಿತು. 1932ರ ಹೊತ್ತಿಗೆ ಆ ಸ್ಟೇಷನ್ನಿನ ಶಕ್ತಿ 50 ಕಿಲೋವ್ಯಾಟ್ ಆಗಿ, ಅದೇ ರಾತ್ರಿಯ ಆಕಾಶದ ಪದರ ಹಿಡಿದು ಅರ್ಧ ದೇಶಕ್ಕೆ ಕೇಳಿಸಿತು.

ಅವರಿಗೂ ಒಂದು ಗಡಿ ರೇಡಿಯೊ ಇತ್ತು. ಆಡಿನ ಗ್ರಂಥಿ ಕಸಿ ಮಾಡಿ ಗಂಡಸುತನ ಬರಿಸುತ್ತೇನೆ ಅಂತ ಜನರಿಂದ ದುಡ್ಡು ಕಿತ್ತ ಬ್ರಿಂಕ್ಲಿ ಎಂಬ ಡಾಕ್ಟರನ ರೇಡಿಯೊ ಲೈಸೆನ್ಸನ್ನು ಅಮೆರಿಕ ಕಿತ್ತುಕೊಂಡಿತು. ಆತ ಹೊಳಿ ದಾಟಿ ಮೆಕ್ಸಿಕೋದ ಗಡಿ ಊರಿನಲ್ಲಿ ಅಮೆರಿಕದ ಮಿತಿಗಿಂತ ಎಷ್ಟೋ ಪಟ್ಟು ದೊಡ್ಡ ಸ್ಟೇಷನ್ ಕಟ್ಟಿದ. ವರ್ಜೀನಿಯಾ ಬೆಟ್ಟದ ಕಾರ್ಟರ್ ಮನೆತನದವರು 1938ರಿಂದ ಅಲ್ಲಿ ಕೂತು ಹಾಡಿದರು. ಒಂದು ಕಾಲದ ಗಂಡ-ಹೆಂಡತಿ, ಆಕೆಯ ಸೋದರಸಂಬಂಧಿ, ಮೂವರ ದನಿ ಗಡಿಯ ಆಚೆಯಿಂದ ತಮ್ಮದೇ ದೇಶಕ್ಕೆ ತಿರುಗಿ ಬಂತು. ಕೆಟ್ಟ ಮನುಷ್ಯನ ಯಂತ್ರದಿಂದ ಒಳ್ಳೆಯ ಹಾಡು ಹರಡಿತು ಅನ್ನಬೇಕು.

ಆದರೆ ಬಾಗಿಲು ತೆರೆದಲ್ಲಿಯೂ ಒಂದು ನಷ್ಟ ಆಯಿತು. ಕೆಂಟಕಿಯ ಬಿಲ್ ಮನ್ರೋ 1939ರಲ್ಲಿ 'ಬ್ಲೂ ಗ್ರಾಸ್ ಬಾಯ್ಸ್' ಎಂಬ ತನ್ನ ಮೇಳದೊಡನೆ ಓಪ್ರಿಗೆ ಬಂದ. 1945ರಲ್ಲಿ ಅರ್ಲ್ ಸ್ಕ್ರಗ್ಸ್ ಎಂಬ ಹುಡುಗ ಅವನ ಮೇಳ ಸೇರಿ ಮೂರು ಬೆರಳಿನಿಂದ ಬ್ಯಾಂಜೊವನ್ನು ಮಳೆ ಸುರಿದಂತೆ ಬಾರಿಸಿದ. ಆ ಹೊಸ ಸಂಗೀತಕ್ಕೆ ಮೇಳದ ಹೆಸರಿನಿಂದಲೇ ಬ್ಲೂಗ್ರಾಸ್ ಅಂತ ಹೆಸರು ಬಂತು. ಬೆಟ್ಟದ ಹುಡುಗರೆಲ್ಲ ರೇಡಿಯೊ ಕೇಳಿ ಹಾಗೇ ಬಾರಿಸಲು ಕಲಿತರು. ಅವರವರ ಕಣಿವೆಯ ಹಳೆಯ ಬಾರಿಸುವ ಪದ್ಧತಿಗಳು ಹಿಂದೆ ಸರಿದವು. ಆಮೇಲೆ ಕೆಲವರು ಎಚ್ಚೆತ್ತರು. ರಾಲ್ಫ್ ರಿಂಜ್ಲರ್ ಎಂಬ ತರುಣ 1960ರಲ್ಲಿ ಉತ್ತರ ಕೆರೊಲಿನಾದ ಒಂದು ಪಿಟೀಲು ಜಾತ್ರೆಗೆ ಹೋದಾಗ ಕ್ಲಾರೆನ್ಸ್ ಆಶ್ಲಿ ಸಿಕ್ಕ. ಮೂವತ್ತು ವರ್ಷದ ಹಿಂದಿನ ಪ್ಲೇಟುಗಳಲ್ಲಿ ಹಾಡಿದವನು. ರಿಂಜ್ಲರ್ ಟೇಪ್ ರೆಕಾರ್ಡರ್ ಹೊತ್ತುಕೊಂಡು ಅವನ ಊರಿಗೇ ಹೋದ. ಅಲ್ಲಿ ಆಶ್ಲಿಯ ಜೊತೆಗೆ ಗಿಟಾರ್ ಬಾರಿಸಲು ಬಂದ ಕುರುಡ ಡಾಕ್ ವಾಟ್ಸನ್ ಮುಂದೆ ಲೋಕಪ್ರಸಿದ್ಧನಾದ. ಒಬ್ಬ ಮನುಷ್ಯ ಒಂದು ಯಂತ್ರ ಹೊತ್ತು ಮುದುಕನ ಮನಿಗೆ ಹೋದದ್ದರಿಂದ ಆದ ಕೆಲಸ ಅದು.

ಬ್ಲೂಗ್ರಾಸ್ ಬಂದಾಗ ಬೆಟ್ಟದಲ್ಲಿ ಆದದ್ದು ನಮ್ಮಲ್ಲಿ ಕ್ಯಾಸೆಟ್ ಬಂದಾಗ ಆಯಿತು. 1980ರ ದಶಕದಲ್ಲಿ ಟೇಪ್ ರೆಕಾರ್ಡರ್ ಮನಿಮನಿಗೂ ಬಂತು. 1990ರಲ್ಲಿ 'ಸಂತ ಶಿಶುನಾಳ ಷರೀಫ' ಸಿನೆಮಾ ಬಂದು, ಸಿ. ಅಶ್ವಥ್ ಅವರು ಕೂಡಿಸಿದ ರಾಗಗಳಲ್ಲಿ ಷರೀಫರ ಪದಗಳು ಎಲ್ಲೆಡೆ ಹಬ್ಬಿದವು. ಒಳ್ಳೆಯದೇ, ಷರೀಫರ ಹೆಸರು ಕೇಳದವರೂ ಕೇಳಿದರು. ಆದರೆ ಅದೇ ಪದಕ್ಕೆ ನಮ್ಮ ಮೇಳಗಳಲ್ಲಿ ಬೇರೆ ಚಾಲುಗಳಿದ್ದವು. ಒಂದೊಂದು ಊರಿಗೆ ಒಂದೊಂದು ಚಾಲು. ಮುರುಮದವರು ಎಳೆದು ಹಾಡಿದ್ದನ್ನು ಮಗ್ಗುಲ ಊರಿನವರು ಚುರುಕಾಗಿ ಹಾಡೋರು. ಈಗಿನ ಹುಡುಗರು ಹಾಡುವುದು ಕ್ಯಾಸೆಟ್ಟಿನ ಚಾಲು. ಹಳೆಯ ಚಾಲು ಹಿಡಿದವರು ಸಭೆಯಲ್ಲಿ ಒಬ್ಬಿಬ್ಬರು ಇದ್ದರೆ, 'ಕಾಕಾ, ನಿಮ್ಮದು ತಪ್ಪಿತು' ಅಂತ ಹುಡುಗರೇ ತಿದ್ದುತ್ತಾರೆ! ಕಾಕಾ ಸುಮ್ಮನಾಗುತ್ತಾರೆ. ಅವರ ಬಾಯಿ ಮುಚ್ಚಿದಾಗ ಆ ಚಾಲೂ ಮುಚ್ಚಿತು.

ಪದಗಳ ವಹಿಗಳ ಸ್ಥಿತಿಯೂ ಹೀಗೇ ಇದೆ. ನಮ್ಮ ಭಜನಿ ಮೇಳಗಳ ಬಹಳ ವಹಿಗಳಲ್ಲಿ ಪದ ಕನ್ನಡದ್ದು, ಅಕ್ಷರ ಮೋಡಿ ಇಲ್ಲವೆ ಬಾಳಬೋಧ. ಮರಾಠಿ ಶಾಲೆಯಲ್ಲಿ ಕಲಿತವರು ತಮಗೆ ಬರುವ ಅಕ್ಷರದಲ್ಲಿ ಬರೆದುಕೊಂಡರು. ಅದನ್ನು ನೋಡಿ ನಗುವ ಕಾರಣ ಇಲ್ಲ. ಹಾಗೆ ಬರೆದುಕೊಂಡದ್ದರಿಂದಲೇ ಅವು ಉಳಿದವು. ಆದರೆ ಆ ಅಕ್ಷರದಲ್ಲಿ ನಮ್ಮ ಗಿಡ್ಡ ಎ-ಕಾರ, ಒ-ಕಾರ ಕೂಡುವುದಿಲ್ಲ. 'ಕೊಡು' ಯಾವುದು, 'ಕೋಡು' ಯಾವುದು ಎಂಬುದು ಹಾಡಿದವರಿಗೇ ಗೊತ್ತು. ಹಾಡುವವರು ಹೋದ ಮೇಲೆ ಆ ವಹಿಯನ್ನು ಮರಾಠಿಯವರು ಓದಿದರೆ ಅರ್ಥ ಆಗುವುದಿಲ್ಲ, ಕನ್ನಡದವರಿಗೆ ಓದಲಿಕ್ಕೇ ಬರುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಯಾರನ್ನೂ ದೂರುವುದಕ್ಕಲ್ಲ. ರೇಡಿಯೊ ನಮಗೆ ಕೊಟ್ಟದ್ದು ಬಹಳ, ಆ ಋಣ ದೊಡ್ಡದು. ಅದು ಕೊಡಲಾರದ್ದನ್ನು ನಾವೇ ಮಾಡಿಕೊಳ್ಳಬೇಕು. ರಿಂಜ್ಲರ್ ಹೊತ್ತುಕೊಂಡು ಹೋದ ಯಂತ್ರಕ್ಕಿಂತ ಒಳ್ಳೆಯ ಯಂತ್ರ ಇವತ್ತು ಕಾಲೇಜು ಹುಡುಗರ ಕಿಸೆಯಲ್ಲೇ ಇದೆ. ಅದರಲ್ಲಿ ಧಾರವಾಡ, ಕಲಬುರ್ಗಿಯನ್ನು ಹಗಲು ಹೊತ್ತಿನಲ್ಲೂ ಖರಖರ ಇಲ್ಲದೆ ಕೇಳುತ್ತಾರೆ. ಅದೇ ಮೊಬೈಲ್ ಹಾಡು ಹಿಡಿದಿಡಲೂ ಬರುತ್ತದೆ.

ನಮ್ಮ ವಾಚನಾಲಯದ ಬಂಧುಗಳಿಗೆ ಒಂದು ಸೂಚನೆ. ಈ ಶ್ರಾವಣದಲ್ಲಿ ಮುರುಮ ಮತ್ತು ಸುತ್ತಲ ಊರುಗಳ ಭಜನಿ ಮೇಳಗಳಿಗೆ ಇಬ್ಬಿಬ್ಬರು ಹೋಗೋಣ. ಎಳ್ಳಮಾಸಿಗೆ ಹೊಲದಲ್ಲಿ ಹಾಡುವ ಹೆಣ್ಣುಮಕ್ಕಳ ಪದಗಳನ್ನೂ ಬಿಡುವುದು ಬೇಡ. ಮೇಳದಲ್ಲಿ ಹೆಸರಿಲ್ಲದವರು ಅವರೇ. ಹಾಡುವವರ ಒಪ್ಪಿಗೆ ಕೇಳಿ, ಪದವನ್ನು ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಹಿಡಿಯೋಣ. ಹಾಡಿದವರ ಹೆಸರು, ಊರು, ಪದ ಯಾರಿಂದ ಕಲಿತರು, ಯಾವ ಹಬ್ಬಕ್ಕೆ ಹಾಡುತ್ತಾರೆ, ಚಾಲು ಹಳೆಯದೋ ಕ್ಯಾಸೆಟ್ಟಿನದೋ, ಇವನ್ನು ಬರೆದಿಡೋಣ. ಮಾತುಗಳನ್ನು ಕನ್ನಡ ಅಕ್ಷರ, ಬಾಳಬೋಧ ಎರಡರಲ್ಲೂ ಬರೆದರೆ ಮೊಮ್ಮಕ್ಕಳಿಗೂ ಓದಲು ಬರುತ್ತದೆ. ಹಳೆಯ ವಹಿ ಇದ್ದವರು ಮೂಲ ಕೊಡುವುದು ಬೇಡ. ಫೋಟೊ ತೆಗೆದುಕೊಂಡು ತಿರುಗಿ ಕೊಡುತ್ತೇವೆ. ಪೇಟಿ ಬಾರಿಸುವವರು ಪೇಟಿ ತೆಗೆದುಕೊಂಡೇ ಬರಲಿ, ನಮ್ಮಲ್ಲಿ ಅದಕ್ಕೆ ಬಂದಿ ಇಲ್ಲ.